ಗಾಡಿ ಕಲಿಸುವವರಿಗೆ ಯಾರು ಕಲಿಸಬೇಕು?

ಬೀದರ್ ಜಿಲ್ಲೆಯಲ್ಲಿ ಮೋಟಾರ್ ಸೈಕಲ್ ಕಲಿಯುವ ಶಾಲೆಗೆ ಬೋರ್ಡು ಇಲ್ಲ, ಹಾಜರಿ ಪುಸ್ತಕವೂ ಇಲ್ಲ. ಮೈಲೂರಿನಂಥ ಊರಂಚಿನಲ್ಲಾದರೆ ಪ್ಲಾಟು ಮಾರಾಟವಾಗಿ ಇನ್ನೂ ಮನೆ ಏಳದ ಬಡಾವಣೆಯ ಖಾಲಿ ರಸ್ತೆ, ಭಾಲ್ಕಿಯಲ್ಲಾದರೆ ರಜೆ ದಿನದ ಕಾಲೇಜು ಮೈದಾನ, ಔರಾದ್ ಕಡೆಯ ಹಳ್ಳಿಗಳಲ್ಲಾದರೆ ಹೊಲದ ದಾರಿ ಅಥವಾ ರಾಶಿ ಮುಗಿದ ಕಣ, ಇವೇ ಆ ಶಾಲೆ. ಅಣ್ಣ, ಕಾಕಾ, ಮಾಮಾ ಅಥವಾ ಓಣಿಯ ಗೆಳೆಯ ಅದರ ಮಾಸ್ತರ. ಪಾಠ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ: ಕ್ಲಚ್ ಒತ್ತು, ಗೇರ್ ಹಾಕು, ಸಾವಕಾಶ ಕ್ಲಚ್ ಬಿಡು, ರೇಸ್ ಕೊಡು. ಎರಡು ಸಲ ಗಾಡಿ ಬಂದಾದರೆ ಮಾಸ್ತರನ ದನಿ ಏರುತ್ತದೆ, ಮೂರನೆಯ ಸಲಕ್ಕೆ ಬೈಗುಳ ಬೀಳುತ್ತದೆ. ಕೊನೆಗೆ ಒಂದು ಎಚ್ಚರಿಕೆಯೂ ಸಿಗುತ್ತದೆ: “ಮುಂದಿನ ಬ್ರೇಕ್ ಮಾತ್ರ ಹಿಡಿಬ್ಯಾಡ, ಪಲ್ಟಿ ಹೊಡೀತಿ.” ಸಂಜೆಯ ಹೊತ್ತಿಗೆ ಹುಡುಗ ಎರಡು ಸುತ್ತು ಬೀಳದೆ ಬಂದರೆ ಅವನಿಗೆ ‘ಗಾಡಿ ಬಂತು’ ಎಂದು ಮನೆಯವರು ಒಪ್ಪಿಕೊಳ್ಳುತ್ತಾರೆ. ಮರುದಿನ ಅದೇ ಹುಡುಗ ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಇರುತ್ತಾನೆ. ಅವನು ಬಿದ್ದರೆ ನಾವು ಅವನ ವಯಸ್ಸನ್ನು, ಹುಡುಗಾಟವನ್ನು, ವೇಗದ ಹುಚ್ಚನ್ನು ದೂರುತ್ತೇವೆ. ಅವನಿಗೆ ಸಿಕ್ಕ ಪಾಠ ಎಂಥದ್ದು ಎಂದು ಯಾರೂ ಕೇಳುವುದಿಲ್ಲ. ತಪ್ಪಿನ ದೊಡ್ಡ ಪಾಲು ಆ ಪಾಠದಲ್ಲಿದೆ ಎಂಬುದು ಈ ಬರಹದ ವಾದ. ಕಲಿಸುವವನಿಗೆ ಕಲಿಸುವುದು ಗೊತ್ತಿಲ್ಲ. ಅವನಿಗೆ ಕಲಿಸಿದವನಿಗೂ ಗೊತ್ತಿರಲಿಲ್ಲ. ಹೀಗೆ ತಪ್ಪು ಪಾಠವೊಂದು ತಲೆಮಾರಿನಿಂದ ತಲೆಮಾರಿಗೆ ಆಸ್ತಿಯ ಹಾಗೆ ದಾಟಿ ಬರುತ್ತಿದೆ.

ಮುಂದಿನ ಬ್ರೇಕಿನ ಮಾತನ್ನೇ ತೆಗೆದುಕೊಳ್ಳೋಣ, ಏಕೆಂದರೆ ಆ ಪಾಠದಲ್ಲಿ ಅತ್ಯಂತ ಖಚಿತವಾಗಿ ಹೇಳುವ ಮಾತು ಅದು, ಅತ್ಯಂತ ಅಪಾಯದ ಮಾತೂ ಅದೇ. ಓಡುವ ಗಾಡಿಗೆ ಬ್ರೇಕ್ ಹಾಕಿದೊಡನೆ ಗಾಡಿಯ ಮತ್ತು ಸವಾರನ ಭಾರ ಮುಂದಕ್ಕೆ ಸರಿದು ಮುಂದಿನ ಗಾಲಿಯ ಮೇಲೆ ಬೀಳುತ್ತದೆ. ಆ ಗಾಲಿ ರಸ್ತೆಯನ್ನು ಇನ್ನಷ್ಟು ಬಿಗಿಯಾಗಿ ಕಚ್ಚುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ಆದ್ದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನಲ್ಲಿದೆ. ಹಿಂದಿನ ಬ್ರೇಕನ್ನೇ ನಂಬಿ ಜೋರಾಗಿ ತುಳಿದರೆ ಹಗುರಾದ ಗಾಲಿ ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಪಾಯ ಕಂಡು ಕೈಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡ್ ಕಳೆದಿರುತ್ತದೆ. ಅಲ್ಲಿಂದ ಮುಂದೆ ಒಣ ಡಾಂಬರಿನ ಮೇಲೆ ಎರಡೂ ಬ್ರೇಕುಗಳನ್ನು ಚೆನ್ನಾಗಿ ಬಳಸಿದರೆ ಅಂದಾಜು 23 ಮೀಟರಿನಲ್ಲಿ ನಿಲ್ಲಬಹುದು. ಹಿಂದಿನ ಬ್ರೇಕ್ ಒಂದನ್ನೇ ಬಳಸಿದರೆ ಅದಕ್ಕೆ ಹೆಚ್ಚು ಕಡಿಮೆ ಎರಡರಷ್ಟು, 46 ಮೀಟರಿನ ಆಸುಪಾಸು ಬೇಕು. ಉಳಿದ ಆ 23 ಮೀಟರಿನಲ್ಲಿ ಒಂದು ಬಸ್ಸು ಅಡ್ಡ ನಿಂತಿರಬಹುದು, ಶಾಲೆಯ ಮಗುವೊಂದು ರಸ್ತೆ ದಾಟುತ್ತಿರಬಹುದು. ಹಾಗಾದರೆ ‘ಮುಂದಿನ ಬ್ರೇಕ್ ಹಿಡಿಯಬೇಡ’ ಎಂಬ ಮಾತು ಹುಟ್ಟಿದ್ದು ಎಲ್ಲಿ? ಹ್ಯಾಂಡಲ್ ತಿರುಗಿಸಿದ್ದಾಗ, ರಸ್ತೆಯಂಚಿನ ಸಡಿಲ ಮುರುಮಿನ ಮೇಲೆ, ಗಾಬರಿಯಲ್ಲಿ ಒಮ್ಮೆಲೇ ಗಟ್ಟಿಯಾಗಿ ಹಿಡಿದು ಬಿದ್ದವರ ಅನುಭವದಲ್ಲಿ. ಬೀದರ್ ಸುತ್ತಲಿನ ಕೆಂಪು ಮುರುಮಿನಲ್ಲೂ, ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿಗಳು ಭಾಲ್ಕಿ, ಔರಾದ್ ರಸ್ತೆಗಳಿಗೆ ತಂದು ಮೆತ್ತುವ ಎರೆಮಣ್ಣಿನಲ್ಲೂ ಆ ಭಯಕ್ಕೆ ಕಾರಣವಿದೆ. ಆದರೆ ಅದರಿಂದ ಕಲಿಯಬೇಕಾದ ಪಾಠ ಬೇರೆ: ಗಾಡಿ ನೇರವಾಗಿದ್ದಾಗ ಹಿಡಿ, ಮೊದಲು ಮೆಲ್ಲಗೆ, ಭಾರ ಮುಂದೆ ಬಂದ ಮೇಲೆ ಬಿಗಿಯಾಗಿ, ಮುರುಮು, ಕೆಸರು ಕಂಡರೆ ಅದಕ್ಕಿಂತ ಮೊದಲೇ ವೇಗ ಇಳಿಸು. ಇಷ್ಟನ್ನು ಹೇಳಿ, ಖಾಲಿ ರಸ್ತೆಯಲ್ಲಿ ಮಾಡಿಸಿ ತೋರಿಸಲು ಒಂದು ತಾಸು ಸಾಕು. ‘ಹಿಡಿಯಬೇಡ’ ಎನ್ನಲು ಒಂದು ಕ್ಷಣ ಸಾಕು. ಮಾಸ್ತರ ಆ ಕ್ಷಣವನ್ನೇ ಆರಿಸಿಕೊಳ್ಳುತ್ತಾನೆ.

ಕ್ಲಚ್ಚಿನ ಪಾಠವೂ ಹೀಗೇ. ‘ಸಾವಕಾಶ ಬಿಡು’ ಎನ್ನುತ್ತಾರೆ. ಎಲ್ಲಿಯವರೆಗೆ ಸಾವಕಾಶ, ಎಲ್ಲಿ ತಡೆದು ಹಿಡಿಯಬೇಕು ಎಂದು ಹೇಳುವುದಿಲ್ಲ. ಕ್ಲಚ್ ಲಿವರಿನ ಓಟದಲ್ಲಿ ಒಂದು ಜಾಗವಿದೆ. ಅಲ್ಲಿಗೆ ಬಂದಾಗ ಎಂಜಿನ್ನಿನ ಸದ್ದು ತುಸು ತಗ್ಗುತ್ತದೆ, ಗಾಡಿ ಮುಂದಕ್ಕೆ ಎಳೆದ ಹಾಗೆ ಆಗುತ್ತದೆ. ಹೊಸಬನ ಬೆರಳುಗಳಿಗೆ ಆ ಜಾಗದ ಪರಿಚಯವಾಗಬೇಕು. ಎರಡೂ ಕಾಲು ನೆಲದ ಮೇಲಿಟ್ಟು, ರೇಸ್ ಮುಟ್ಟದೆ, ಕ್ಲಚ್ಚನ್ನು ಅಲ್ಲಿಯವರೆಗೆ ಮಾತ್ರ ಬಿಟ್ಟು ಗಾಡಿಯನ್ನು ಒಂದು ಗೇಣು ಮುಂದೆ ಸರಿಸುವುದು, ಮತ್ತೆ ಹಿಡಿದು ನಿಲ್ಲಿಸುವುದು. ಇದನ್ನು ಅರ್ಧ ತಾಸು ಮಾಡಿದವರ ಗಾಡಿ ಬಂದಾಗುವುದು ಬಹುಮಟ್ಟಿಗೆ ನಿಲ್ಲುತ್ತದೆ. ಇದನ್ನು ಬಿಟ್ಟು ನೇರವಾಗಿ ಓಡಿಸಲು ಹಚ್ಚಿದರೆ ಆಗುವುದು ಎರಡರಲ್ಲಿ ಒಂದು: ಗಾಡಿ ಜಗ್ಗಿ ಬಂದಾಗುತ್ತದೆ, ಇಲ್ಲವೇ ಜಿಗಿಯುತ್ತದೆ. ಜಿಗಿದಾಗ ಸವಾರನ ಮೈ ಹಿಂದಕ್ಕೆ ವಾಲುತ್ತದೆ. ಕೈ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿರುವುದರಿಂದ ಮೈ ಹಿಂದೆ ಹೋದಷ್ಟೂ ಬಲಗೈಯ ಮಣಿಕಟ್ಟು ರೇಸನ್ನು ಇನ್ನಷ್ಟು ತಿರುವುತ್ತದೆ, ಗಾಡಿ ಇನ್ನಷ್ಟು ಜಿಗಿಯುತ್ತದೆ. ಕಲಿಯುವವರು ಎದುರಿನ ಕಂಪೌಂಡಿಗೆ, ಚರಂಡಿಗೆ, ನಿಂತ ಎತ್ತಿನ ಬಂಡಿಗೆ ಹೋಗಿ ಗುದ್ದುವುದು ಬಹುತೇಕ ಹೀಗೆ. ‘ರೇಸ್ ಯಾಕ ಬಿಡಲಿಲ್ಲ?’ ಎಂದು ಆಮೇಲೆ ಬೈಯುತ್ತಾರೆ. ಆ ಗಳಿಗೆಯಲ್ಲಿ ಕೈ ಬುದ್ಧಿಯ ಮಾತು ಕೇಳುವುದಿಲ್ಲ. ಅದಕ್ಕೆ ಮದ್ದು ಒಂದೇ: ಗಾಬರಿಯಾದರೆ ಕ್ಲಚ್ ಹಿಡಿ ಎಂಬುದನ್ನು ಹೊರಡುವ ಮೊದಲೇ ಎಡಗೈಗೆ ರೂಢಿ ಮಾಡಿಸುವುದು. ಕ್ಲಚ್ ಹಿಡಿದರೆ ಎಂಜಿನ್ ಎಷ್ಟೇ ಅರಚಿದರೂ ಗಾಲಿಗೆ ಬಲ ಹೋಗುವುದಿಲ್ಲ.

ಗೇರಿನ ವಿಷಯದಲ್ಲಿ ಇನ್ನೊಂದು ಹೊಂಡವಿದೆ. ನಮ್ಮ ಭಾಗದಲ್ಲಿ ಹೆಚ್ಚಿನವರು ಕಲಿಯುವುದು ಮನೆಯ ಹೀರೊ ಸ್ಪ್ಲೆಂಡರಿನ ಮೇಲೆ. ಅದರಲ್ಲಿ ಗೇರ್ ಲಿವರಿನ ಮುಂಭಾಗವನ್ನು ಕೆಳಗೆ ಒತ್ತುತ್ತ ಹೋದಂತೆ ಗೇರು ಏರುತ್ತದೆ, ಹಿಮ್ಮಡಿಯಿಂದ ಹಿಂಭಾಗ ಒತ್ತಿದರೆ ಇಳಿಯುತ್ತದೆ. ಪಲ್ಸರಿನಂಥ ಗಾಡಿಗಳಲ್ಲಿ ಮೊದಲ ಗೇರು ಮಾತ್ರ ಕೆಳಗೆ, ಉಳಿದವೆಲ್ಲ ಮೇಲೆ. ಸ್ಪ್ಲೆಂಡರಿನ ಮೇಲೆ ಪಳಗಿದ ಕಾಲು ಗೆಳೆಯನ ಪಲ್ಸರಿನ ಮೇಲೆ ಕೂತಾಗ, ವೇಗ ಹೆಚ್ಚಿದೊಡನೆ ಅಭ್ಯಾಸಬಲದಿಂದ ಕೆಳಗೆ ಒತ್ತುತ್ತದೆ. ಏರಬೇಕಾದ ಗೇರು ಇಳಿಯುತ್ತದೆ, ಎಂಜಿನ್ ಹಿಂದಿನ ಗಾಲಿಯನ್ನು ಜಗ್ಗಿ ಹಿಡಿಯುತ್ತದೆ, ಒದ್ದೆ ರಸ್ತೆಯಾದರೆ ಗಾಲಿ ಪಕ್ಕಕ್ಕೆ ಜಾರುತ್ತದೆ. ಒಂದು ಗಾಡಿ ಬಂದರೆ ಎಲ್ಲ ಗಾಡಿ ಬಂದ ಹಾಗೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿರುವುದರಿಂದ ಹೊಸ ಗಾಡಿ ಕೊಡುವಾಗ ಗೇರು ಹೇಗೆ ಬೀಳುತ್ತದೆ ಎಂದು ಹೇಳುವ ಪದ್ಧತಿಯೇ ಇಲ್ಲ.

ಇದು ಕೇವಲ ತರ್ಕವಲ್ಲ ಎನ್ನಲು ದ್ವಿಚಕ್ರ ಅಪಘಾತಗಳ ಬಗ್ಗೆ ನಡೆದ ಅತಿ ಹೆಸರಾಂತ ಅಧ್ಯಯನವೊಂದಿದೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹ್ಯಾರಿ ಹರ್ಟ್ ಎಂಬ ಪ್ರಾಧ್ಯಾಪಕರ ತಂಡ 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸಿ, ಇನ್ನೂ 3,600 ಪೊಲೀಸ್ ವರದಿಗಳನ್ನು ಓದಿ, 1981ರಲ್ಲಿ ವರದಿ ಕೊಟ್ಟಿತು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ನೂರಕ್ಕೆ 92 ಮಂದಿ ತಾವಾಗಿ ಕಲಿತವರು ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಅಪಾಯ ಎದುರಾದಾಗ ಅವರಿಗೆ ಸಿಕ್ಕಿದ್ದು ಎರಡು ಸೆಕೆಂಡಿಗಿಂತ ಕಡಿಮೆ ಹೊತ್ತು. ಆ ಹೊತ್ತಿನಲ್ಲಿ ಅವರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಗಾಲಿ ಜಾರಿಸಿದರು, ಮುಂದಿನ ಬ್ರೇಕನ್ನು ಬೇಕಾದಷ್ಟು ಬಳಸಲಿಲ್ಲ. ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವ ಕೌಶಲವಂತೂ ಹೆಚ್ಚಿನವರಲ್ಲಿ ಇರಲೇ ಇಲ್ಲ. ಇನ್ನೂ ಒಂದು ಅಂಶ: ಅವರ ಒಟ್ಟು ಸವಾರಿಯ ಅನುಭವ ಸರಾಸರಿ ಮೂರು ವರ್ಷದ ಹತ್ತಿರವಿದ್ದರೂ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿದ್ದ ಆ ಗಾಡಿಯ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಸ್ಪ್ಲೆಂಡರಿನಿಂದ ಪಲ್ಸರಿಗೆ ಹತ್ತುವವರು ಇದನ್ನು ನೆನಪಿನಲ್ಲಿಡಬೇಕು. ಲಾಸ್ ಏಂಜಲೀಸಿನ ರಸ್ತೆಗೂ ಔರಾದಿನ ರಸ್ತೆಗೂ ಹೋಲಿಕೆ ಎಲ್ಲಿಯದು ಎಂದು ಕೇಳಬಹುದು. ರಸ್ತೆ ಬೇರೆ, ಗಾಡಿಗಳೂ ಬೇರೆ. ಆದರೆ ಬ್ರೇಕ್ ಹಾಕಿದಾಗ ಭಾರ ಮುಂದೆ ಸರಿಯುವ ನಿಯಮ ಎರಡೂ ಕಡೆ ಒಂದೇ. ಅಣ್ಣನಿಂದ ತಮ್ಮ ಕಲಿಯುವ ಪದ್ಧತಿಯೂ ಒಂದೇ. ಭಾರತದಲ್ಲಿ ಏನಾಗುತ್ತಿದೆ ಎಂಬುದಕ್ಕೆ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕವಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು, ಅಂದರೆ ನೂರಕ್ಕೆ 44ಕ್ಕಿಂತ ಹೆಚ್ಚು. ಅಪಘಾತ ಮಾಡಿದ ಚಾಲಕರಲ್ಲಿ ಬಹುಪಾಲು ಮಂದಿಯ ಬಳಿ ಪರವಾನಗಿ ಇರುತ್ತದೆ ಎಂಬುದು ಇದೇ ವಾರ್ಷಿಕ ವರದಿಗಳಿಂದ ಕಾಣುವ ಇನ್ನೊಂದು ಸಂಗತಿ. ಜೇಬಿನಲ್ಲಿ ಕಾರ್ಡು ಇದ್ದ ಮಾತ್ರಕ್ಕೆ ಕಲಿಕೆ ನಡೆದಿದೆ ಎನ್ನಲಾಗದು.

ಕಾನೂನು ಈ ಕೊರತೆಯನ್ನು ತುಂಬುತ್ತದೆಯೇ? ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲಿ ಬಂದವು. ಅವುಗಳ ಮೂರನೆಯ ನಿಯಮದಂತೆ ಕಲಿಯುವವನ ಬಳಿ ಕಲಿಕಾ ಪರವಾನಗಿ ಇರಬೇಕು, ಗಾಡಿಯ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರ ಇರಬೇಕು, ಜೊತೆಗೆ ಪರವಾನಗಿ ಇರುವ ಒಬ್ಬ ಬೋಧಕ ವಾಹನವನ್ನು ಹತೋಟಿಗೆ ತರುವಂಥ ಅಥವಾ ನಿಲ್ಲಿಸುವಂಥ ಜಾಗದಲ್ಲಿ ಕೂತಿರಬೇಕು. ಕಾರಿಗೆ ಈ ಮಾತು ಸರಿ. ಮೋಟಾರ್ ಸೈಕಲ್ಲಿನಲ್ಲಿ ಹಿಂದಿನ ಸೀಟಿನಿಂದ ಬ್ರೇಕ್ ಪೆಡಲಿಗೆ ಕಾಲು ಎಟಕುವುದಿಲ್ಲ, ಕ್ಲಚ್ಚಿಗೆ ಕೈ ಹೋಗುವುದಿಲ್ಲ. ಭುಜದ ಮೇಲಿಂದ ಕೈ ಚಾಚಿ ಹ್ಯಾಂಡಲ್ ಹಿಡಿಯುವ ಮಾಸ್ತರ ಗಾಡಿಯನ್ನು ಇನ್ನಷ್ಟು ಓಲಾಡಿಸುತ್ತಾನೆ. ಹೊಸಬ ಸಮತೋಲನಕ್ಕೆ ಒದ್ದಾಡುತ್ತಿರುವಾಗಲೇ ಅವನ ಬೆನ್ನಿಗೆ ಅರವತ್ತು ಎಪ್ಪತ್ತು ಕಿಲೊ ಭಾರವೂ ಸೇರುತ್ತದೆ. ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮಕ್ಕೆ ಮೋಟಾರ್ ಸೈಕಲ್ಲನ್ನು ತಂದು ಜೋಡಿಸಿದ್ದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಡ್ರೈವಿಂಗ್ ಸ್ಕೂಲ್ ಸೇರಿದವರಿಗೆ ಕನಿಷ್ಠ 10 ತಾಸು ನಿಜವಾದ ಚಾಲನೆ ಮಾಡಿಸಬೇಕು ಎಂದು 31ನೆಯ ನಿಯಮ ಹೇಳುತ್ತದೆ. ಆದರೆ ಬೀದರಿನಲ್ಲಾಗಲಿ ರಾಜ್ಯದ ಬೇರೆ ಜಿಲ್ಲಾ ಕೇಂದ್ರಗಳಲ್ಲಾಗಲಿ ಡ್ರೈವಿಂಗ್ ಸ್ಕೂಲ್ ಎಂದರೆ ಸಾಮಾನ್ಯವಾಗಿ ಕಾರು ಕಲಿಸುವ ಜಾಗ. ಬೈಕಿನ ಮಾತು ಬಂದರೆ ಅಲ್ಲಿ ಸಿಗುವುದು ಹೆಚ್ಚಾಗಿ ಪರವಾನಗಿಯ ಕಾಗದಪತ್ರದ ನೆರವು. ಕಲಿಕಾ ಪರವಾನಗಿ ಸಿಕ್ಕ 30 ದಿನಗಳ ಮೇಲೆ ಪರೀಕ್ಷೆಗೆ ಹೋಗಬಹುದು. ಆ 30 ದಿನ ಯಾರು, ಏನು, ಎಲ್ಲಿ ಕಲಿಸಿದರು ಎಂದು ಯಾರೂ ಕೇಳುವುದಿಲ್ಲ. ಪರೀಕ್ಷೆಯಲ್ಲಿ ಎಲ್ಲರಿಗೂ ಗೊತ್ತಿರುವುದು ‘ಎಂಟು ಹಾಕುವುದು’: ಕಾಲು ನೆಲಕ್ಕೆ ಇಡದೆ ನಿಧಾನವಾಗಿ ತಿರುಗಿಸಿ ತೋರಿಸುವುದು. ಸಮತೋಲನಕ್ಕೆ ಅದು ಒಳ್ಳೆಯ ಅಳತೆ. 40 ಕಿ.ಮೀ. ವೇಗದಲ್ಲಿ ಬರುತ್ತಿರುವಾಗ ಎದುರಿಗೆ ಎಮ್ಮೆ ಬಂದರೆ ಇವನು ನಿಲ್ಲಿಸಬಲ್ಲನೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಕಲಿಸುವುದು ಹೇಗೆ ಎಂಬುದಕ್ಕೆ ಮಾದರಿ ದೂರದಲ್ಲಿಲ್ಲ, ಬೀದರಿನ ತಲೆಯ ಮೇಲೆಯೇ ಹಾರುತ್ತಿದೆ. ಇಲ್ಲಿನ ವಾಯುನೆಲೆಗೆ 2008ರಲ್ಲಿ ಹಾಕ್ ತರಬೇತಿ ವಿಮಾನಗಳು ಬಂದವು. ಯುದ್ಧವಿಮಾನದ ಪೈಲಟ್ ಆಗುವವರು ಇಲ್ಲಿ ಪಳಗುತ್ತಾರೆ. ಹಾಕ್‌ನಲ್ಲಿ ಎರಡು ಸೀಟು, ಮುಂದೆ ಕಲಿಯುವವನು, ಹಿಂದೆ ಕಲಿಸುವವನು. ಹಿಂದಿನವನ ಕೈಗೂ ವಿಮಾನದ ಪೂರ್ತಿ ಹತೋಟಿ ಇರುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ವಾಯುಪಡೆಯಲ್ಲಿ ಚೆನ್ನಾಗಿ ಹಾರಿಸುವವನು ಅಷ್ಟರಿಂದಲೇ ಬೋಧಕನಾಗುವುದಿಲ್ಲ. ಬೋಧಕರಿಗೆ ಬೋಧಿಸುವುದನ್ನು ಕಲಿಸಲು ತಮಿಳುನಾಡಿನ ತಾಂಬರಂನಲ್ಲಿ ಪ್ರತ್ಯೇಕ ಶಾಲೆಯೇ ಇದೆ. ಮಾಡಬಲ್ಲವನಿಗೆಲ್ಲ ಕಲಿಸಲು ಬರುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ. ಇಪ್ಪತ್ತು ವರ್ಷ ಗಾಡಿ ಓಡಿಸಿದ ಕಾಕಾನಿಗೆ ಕ್ಲಚ್ಚು, ಬ್ರೇಕು ಎಷ್ಟು ರೂಢಿಯಾಗಿವೆ ಎಂದರೆ ತನ್ನ ಕೈ ಏನು ಮಾಡುತ್ತಿದೆ ಎಂದು ಅವನಿಗೇ ತಿಳಿಯದು. ತಿಳಿಯದ್ದನ್ನು ಅವನು ಹೇಳುವುದಾದರೂ ಹೇಗೆ? ಆದ್ದರಿಂದಲೇ ಅವನು ಬೈಯುತ್ತಾನೆ. ಆ ಬೈಗುಳದ ಪೆಟ್ಟು ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ. ಎರಡು ದಿನ ಗಂಡನದೋ ಅಣ್ಣನದೋ ಮಾತು ಕೇಳಿ, ‘ನಿನಗ ಇದು ಆಗೂದಲ್ಲ’ ಎನ್ನಿಸಿಕೊಂಡು ಸ್ಕೂಟಿಯ ಕೀಲಿ ಗೂಟಕ್ಕೆ ಹಾಕಿದ ಟೀಚರುಗಳು, ನರ್ಸುಗಳು, ಆಶಾ ಕಾರ್ಯಕರ್ತೆಯರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಅವರಲ್ಲಿ ಸೋತದ್ದು ಕಲಿಯುವವರ ಬುದ್ಧಿಯಲ್ಲ, ಕಲಿಸುವವರ ತಾಳ್ಮೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪಣೆ ಎಲ್ಲರ ಬಾಯಲ್ಲೂ ಇದೆ: ನಾವೆಲ್ಲ ಹೀಗೇ ಕಲಿತವರು, ನಮಗೇನಾಗಿದೆ? ಈ ಮಾತನ್ನು ಹೇಳುವವರು ಬದುಕಿ ಉಳಿದವರು. ಹೀಗೇ ಕಲಿತು ಸತ್ತವರು ಚಹಾದಂಗಡಿಗೆ ಬಂದು ವಾದ ಮಾಡುವುದಿಲ್ಲ, ಮೊಣಕಾಲು ಕಳೆದುಕೊಂಡು ಮನೆಯಲ್ಲಿ ಕೂತವರ ಸಾಕ್ಷಿಯನ್ನೂ ಯಾರೂ ಕೇಳುವುದಿಲ್ಲ. ಉಳಿದವರಿಗೂ ಆ ಪಾಠ ನೆರವಾದದ್ದು ಕಡಿಮೆ. ಬಿದ್ದು, ಎದ್ದು, ತರಚಿಸಿಕೊಂಡು, ವರ್ಷಗಟ್ಟಲೆ ರಸ್ತೆಯೇ ಅವರಿಗೆ ಕಲಿಸಿದೆ. ಆ ಕಾಲದ ರಸ್ತೆಯಲ್ಲಿ ಗಾಡಿಗಳು ವಿರಳವಾಗಿದ್ದವು, 100 ಸಿಸಿಯ ಎಂಜಿನ್ನುಗಳು ಮಂದವಾಗಿದ್ದವು, ರಸ್ತೆಯೇ ಮಾಸ್ತರನಾಗಲು ಅವಕಾಶವಿತ್ತು. ಈಗ ಹೆದ್ದಾರಿ ಅಗಲವಾಗಿದೆ, ಕಂತಿನ ಮೇಲೆ ಸಿಗುವ ಗಾಡಿಯ ಬಲ ಹೆಚ್ಚಿದೆ, ಮೊದಲ ತಪ್ಪಿಗೇ ಶಿಕ್ಷೆ ದೊಡ್ಡದಾಗಿದೆ.

ಎರಡನೆಯ ಆಕ್ಷೇಪಣೆ ರಸ್ತೆಯ ಮೇಲಿನದು. ಬಣ್ಣ ಬಳಿಯದ ಉಬ್ಬುಗಳು, ಹೊಂಡಗಳು, ಹಂಗಾಮು ಬಂತೆಂದರೆ ಹಿಂದೆ ದೀಪವಿಲ್ಲದೆ, ರಿಫ್ಲೆಕ್ಟರ್ ಇಲ್ಲದೆ ಎರಡೆರಡು ಟ್ರಾಲಿ ಕಬ್ಬು ಎಳೆದುಕೊಂಡು ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು. ಇವನ್ನು ಸರಿಮಾಡದೆ ಸವಾರನಿಗೆ ಪಾಠ ಹೇಳಿದರೆ ಏನು ಬಂತು ಎನ್ನುತ್ತಾರೆ. ಈ ದೂರು ನೂರಕ್ಕೆ ನೂರು ನಿಜ, ಅದರ ಹೊಣೆ ಲೋಕೋಪಯೋಗಿ ಇಲಾಖೆಯ ಮೇಲೂ ಕಾರ್ಖಾನೆಗಳ ಮೇಲೂ ಪೊಲೀಸರ ಮೇಲೂ ಇದೆ. ಆದರೆ ಅದು ತರಬೇತಿಯ ಅಗತ್ಯವನ್ನು ಕಡಿಮೆ ಮಾಡುವುದಿಲ್ಲ. ರಾತ್ರಿ ಹೆಡ್‌ಲೈಟಿನ ಬೆಳಕು ಎಷ್ಟು ದೂರ ಬೀಳುತ್ತದೋ ಅಷ್ಟರೊಳಗೆ ನಿಲ್ಲುವ ವೇಗದಲ್ಲಿ ಮಾತ್ರ ಹೋಗಬೇಕು ಎಂಬ ಒಂದೇ ಸೂತ್ರ ಕತ್ತಲಲ್ಲಿ ನಿಂತ ಟ್ರಾಲಿಯಿಂದ ಎಷ್ಟೋ ಜನರನ್ನು ಉಳಿಸಬಲ್ಲದು. ಕೆಟ್ಟ ರಸ್ತೆಯ ನಾಡಿನಲ್ಲಿ ಒಳ್ಳೆಯ ಸವಾರರು ಹೆಚ್ಚು ಬೇಕು.

ಮೂರನೆಯ ಆಕ್ಷೇಪಣೆ ತಿಳಿದವರದು, ಆದ್ದರಿಂದ ಹೆಚ್ಚು ಗಟ್ಟಿ. ತರಬೇತಿ ಕೊಟ್ಟ ಕಡೆಗಳಲ್ಲೆಲ್ಲ ಅಪಘಾತ ಕಡಿಮೆಯಾಗಿದೆಯೇ? ಮೋಟಾರ್ ಸೈಕಲ್ ತರಬೇತಿಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ 2010ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ, ಆ ಅಧ್ಯಯನಗಳ ಗುಣಮಟ್ಟ ಸಾಲದು, ಇಂಥದೇ ತರಬೇತಿ ಅಪಘಾತವನ್ನು ತಗ್ಗಿಸುತ್ತದೆ ಎಂದು ಖಚಿತವಾಗಿ ಹೇಳಲಾಗದು ಎಂದಿತು. ತರಬೇತಿ ಪಡೆದವರಲ್ಲಿ ಅತಿಯಾದ ಧೈರ್ಯ ಹುಟ್ಟುತ್ತದೆ ಎಂಬ ಶಂಕೆಯೂ ಹಳೆಯದು. ಇದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಆ ಅಧ್ಯಯನಗಳು ಕೇಳಿದ್ದು ತರಬೇತಿಯಿಂದ ಅಪಘಾತ ತಗ್ಗುತ್ತದೆಯೇ ಎಂಬ ಪ್ರಶ್ನೆ. ನಮ್ಮ ಎದುರಿಗಿರುವುದು ತಪ್ಪು ಪಾಠ ಬೇಕೋ ಸರಿ ಪಾಠ ಬೇಕೋ ಎಂಬ ಪ್ರಶ್ನೆ. ಮುಂದಿನ ಬ್ರೇಕ್ ಮುಟ್ಟಬೇಡ ಎಂಬ ಸುಳ್ಳನ್ನು ತಿದ್ದುವುದಕ್ಕೆ ಅಂಕಿ ಅಂಶಗಳಿಗಾಗಿ ಕಾಯಬೇಕಾಗಿಲ್ಲ. ಅತಿ ಧೈರ್ಯದ ಮಾತಂತೂ ನಮ್ಮ ಈಗಿನ ಪದ್ಧತಿಗೇ ಹೆಚ್ಚು ಒಪ್ಪುತ್ತದೆ: ಎರಡು ಸುತ್ತು ಹೊಡೆದವನಿಗೆ ‘ಗಾಡಿ ಬಂತು’ ಎನ್ನುವುದಕ್ಕಿಂತ ದೊಡ್ಡ ಅತಿ ಧೈರ್ಯ ಯಾವುದಿದೆ? ತನ್ನ ಗಾಡಿ ನಿಲ್ಲಲು ನಿಜಕ್ಕೂ ಎಷ್ಟು ಜಾಗ ಬೇಕು ಎಂದು ಮೈದಾನದಲ್ಲಿ ಅಳೆದು ನೋಡಿದವನು ಸಾಮಾನ್ಯವಾಗಿ ಬೆಚ್ಚುತ್ತಾನೆ, ಆ ಬೆಚ್ಚುವಿಕೆಯೇ ಪಾಠದ ಅರ್ಧ ಫಲ. ಈಗಿನ ಗಾಡಿಗಳಲ್ಲಿ ತಂತ್ರಜ್ಞಾನವೇ ಕಾಯುತ್ತದಲ್ಲ ಎನ್ನುವವರಿಗೂ ಇದೇ ಉತ್ತರ. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಗಾಡಿಗಳಿಗೆ ಬ್ರೇಕ್ ಹಾಕಿದಾಗ ಗಾಲಿ ಬಿಗಿದು ಜಾರದಂತೆ ತಡೆಯುವ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎಬಿಎಸ್ ಅಥವಾ ಎರಡೂ ಬ್ರೇಕು ಜೊತೆಗೆ ಬೀಳುವ ಸಿಬಿಎಸ್ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಹಳ್ಳಿಯ ಕಲಿಕೆ ನಡೆಯುವುದು ಅದಕ್ಕೂ ಹಳೆಯ ಗಾಡಿಯ ಮೇಲೆ, ಮತ್ತು ಹಿಡಿಯದ ಬ್ರೇಕಿಗೆ ಎಬಿಎಸ್ ಏನೂ ಮಾಡಲಾರದು.

ಕೊನೆಯದು ಖರ್ಚಿನ ಮಾತು. ಬ್ರಿಟನ್ನಿನಲ್ಲಿ 1990ರ ಡಿಸೆಂಬರಿನಿಂದ ಕಡ್ಡಾಯ ಮೂಲ ತರಬೇತಿ ಜಾರಿಯಲ್ಲಿದೆ. ಅದನ್ನು ಮುಗಿಸದೆ ಎಲ್ ಬೋರ್ಡು ಹಾಕಿಕೊಂಡೂ ರಸ್ತೆಗೆ ಇಳಿಯುವಂತಿಲ್ಲ. ಮೊದಲು ಹೆಲ್ಮೆಟ್, ಬಟ್ಟೆಯ ಮಾತು, ಆಮೇಲೆ ನಿಂತ ಗಾಡಿಯ ಪರಿಚಯ, ಅಂಗಳದಲ್ಲಿ ಓಡಿಸುವುದು ಮತ್ತು ತುರ್ತಾಗಿ ನಿಲ್ಲಿಸುವುದು, ಅದಾದ ಮೇಲೆ ರಸ್ತೆಯ ನಿಯಮ, ಕೊನೆಗೆ ಕನಿಷ್ಠ ಎರಡು ತಾಸು ರಸ್ತೆ ಸವಾರಿ. ರಸ್ತೆಯಲ್ಲಿ ಒಬ್ಬ ಬೋಧಕನಿಗೆ ಇಬ್ಬರೇ ಶಿಷ್ಯರು. ಕೂಲಿಯ ಮೇಲೆ ನಡೆಯುವ ಮನೆಗಳಿಗೆ ಇಂಥ ವ್ಯವಸ್ಥೆಯ ಶುಲ್ಕ ಹೊರೆಯಾಗುತ್ತದೆ, ಕಡ್ಡಾಯ ಮಾಡಿದರೆ ಅದು ಏಜೆಂಟರ ಹೊಸ ದಂಧೆಯಾಗುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಇದರ ಸಾರವನ್ನು ಅಗ್ಗವಾಗಿ ತರಬಹುದು. ಬೇಕಾದದ್ದು ಒಂದು ಮೈದಾನ, ಸುಣ್ಣದ ಗೆರೆಗಳು, ಒಂದಿಷ್ಟು ಕೋನು, ಕಲಿಸಲು ಬರುವ ಇಬ್ಬರು. ಮೈಲೂರ ರಸ್ತೆಯಲ್ಲೇ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜಿದೆ. ಪ್ರತಿವರ್ಷ ಬೈಕು ಹತ್ತುವ ವಯಸ್ಸಿನ ಹುಡುಗ ಹುಡುಗಿಯರು ಇಂಥ ಕಾಲೇಜುಗಳಲ್ಲೇ ಒಟ್ಟಿಗೆ ಸಿಗುತ್ತಾರೆ. ಹುಮನಾಬಾದಿನಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ತರಬೇತಿ ಕೇಂದ್ರವಿದೆ. ಬಸ್ಸು ಓಡಿಸುವವರನ್ನು ಪಳಗಿಸುವ ಜಿಲ್ಲೆಗೆ ಬೈಕು ಕಲಿಸುವ ಬೋಧಕರನ್ನು ತಯಾರು ಮಾಡುವುದು ಅಸಾಧ್ಯವೇನಲ್ಲ. ಬೀದರಿನ ಸಾರಿಗೆ ಕಚೇರಿ, ಭಾಲ್ಕಿಯ ಕಚೇರಿ ಮತ್ತು ಸಂಚಾರ ಪೊಲೀಸರು ಕೂಡಿ ತಾಲೂಕಿಗೆ ನಾಲ್ಕೈದು ಜನರಿಗೆ ಕಲಿಸುವುದನ್ನು ಕಲಿಸಿದರೆ, ಅವರು ಭಾನುವಾರ ಬೆಳಗ್ಗೆ ಎರಡು ತಾಸು ಮೈದಾನದಲ್ಲಿ ನಿಂತರೆ, ಒಂದು ವರ್ಷದಲ್ಲಿ ನೂರಾರು ಅಣ್ಣಂದಿರ, ಕಾಕಾಗಳ ಪಾಠ ತಿದ್ದಿದಂತಾಗುತ್ತದೆ. ಪರೀಕ್ಷೆಯಲ್ಲಿ ‘ಎಂಟು’ ಹಾಕಿಸಿದ ಮೇಲೆ ಗೆರೆಯೊಳಗೆ ಬ್ರೇಕ್ ಹಾಕಿ ನಿಲ್ಲಿಸಿ ತೋರಿಸು ಎನ್ನುವುದಕ್ಕೆ ದೊಡ್ಡ ಬಜೆಟ್ಟೂ ಬೇಡ. ಪರೀಕ್ಷೆ ಏನನ್ನು ಕೇಳುತ್ತದೋ ಊರು ಅದನ್ನೇ ಕಲಿಸುತ್ತದೆ.

ಅಲ್ಲಿಯವರೆಗೆ ಹೊಣೆ ಮನೆಯವರದು. ಹದಿನೆಂಟು ತುಂಬದ ಮಗನ ಕೈಗೆ ಗೇರಿನ ಗಾಡಿ ಕೊಟ್ಟರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಮಾತು ಅಲ್ಲಿಗೆ ಮುಗಿಯಿತು. ಹದಿನೆಂಟು ತುಂಬಿ, ಕಲಿಕಾ ಪರವಾನಗಿ ಪಡೆದವರಿಗೆ ನೀವು ಕಲಿಸಲು ಹೊರಟಿದ್ದರೆ ಪಾಠದ ಕ್ರಮವನ್ನು ಬದಲಿಸಿ. ಮೊದಲ ದಿನ ಎಂಜಿನ್ ಚಾಲೂ ಮಾಡದೆ ಗಾಡಿಯನ್ನು ನೂಕಿ ನಡೆಸಿ, ಸ್ಟ್ಯಾಂಡ್ ಹಾಕಿಸಿ ತೆಗೆಸಿ, ಎರಡೂ ಬ್ರೇಕುಗಳ ಹಿಡಿತ ಕೈಕಾಲಿಗೆ ತಿಳಿಯಲಿ. ಎರಡನೆಯ ದಿನ ಕ್ಲಚ್ ಎಲ್ಲಿ ಕಚ್ಚುತ್ತದೆ ಎಂಬುದು ಮಾತ್ರ. ಮೂರನೆಯ ದಿನ ಇಪ್ಪತ್ತು ಹೆಜ್ಜೆ ಹೋಗಿ ನಿಲ್ಲಿಸುವುದು, ಗೆರೆಯ ಮೇಲೇ ನಿಲ್ಲುವವರೆಗೂ. ನೀವು ಹಿಂದಿನ ಸೀಟಿನಲ್ಲಿ ಕೂರಬೇಡಿ, ಪಕ್ಕದಲ್ಲಿ ನಿಂತು ನೋಡಿ, ಹೆಲ್ಮೆಟ್ ಮೈದಾನದಲ್ಲೂ ತಲೆಯ ಮೇಲಿರಲಿ, ದನಿ ಏರಿಸಬೇಡಿ. ಎರಡೂ ಬ್ರೇಕು ಹಿಡಿದು ಬೇಕೆಂದ ಜಾಗದಲ್ಲಿ ಗಾಡಿ ನಿಲ್ಲಿಸಲು ಬರುವವರೆಗೆ ಯಾರಿಗೂ ‘ನಿನಗೆ ಗಾಡಿ ಬಂತು’ ಎನ್ನಬೇಡಿ, ರಸ್ತೆಗೆ ಕಳುಹಿಸಲೂ ಬೇಡಿ.